ಬ್ಲೋಹೋಲ್ ಅಲ್ಲ, ಧೂಳು

ಕೊಯಮತ್ತೂರಿನ ಪಂಪ್ ತಯಾರಕರಿಗೆ ತಮ್ಮ ಪಂಪಿನ ಫೋಟೊ ಹೇಗಿರಬೇಕೆಂಬ ಬಗ್ಗೆ ಎಂದೂ ಅನುಮಾನ ಇದ್ದದ್ದಿಲ್ಲ. ಹಿನ್ನೆಲೆ ಅಚ್ಚ ಬಿಳಿ. ಮುಂದಿನ ಫ್ಲಾಂಜಿನಿಂದ ಹಿಂದಿನ ಫ್ಯಾನ್ ಕವರಿನವರೆಗೆ ಎಲ್ಲವೂ ಒಂದೇ ಸಮ ಸ್ಪಷ್ಟ. ಬಳಿದ ಬಣ್ಣ ನೀಲಿಯಾದರೆ ಚಿತ್ರದಲ್ಲೂ ಅದೇ ನೀಲಿ. ಕೊಡಿಸಿಯಾ ಆವರಣದಲ್ಲಿ ಇಂಟೆಕ್ ಯಂತ್ರಮೇಳ ಹತ್ತಿರವಾಯಿತೆಂದರೆ ನಗರದ ಪೀಳಮೇಡಿನ ಸಂದಿಗೊಂದಿಗಳಲ್ಲಿ ಕ್ಯಾಟಲಾಗಿನ ಅವಸರ ಶುರು. ಮೋಟಾರು, ಪಂಪ್‌ಸೆಟ್ಟು, ವೆಟ್ ಗ್ರೈಂಡರು, ಹೊಲಿಗೆ ಯಂತ್ರದ ಬಿಡಿಭಾಗ, ಎಲ್ಲವೂ ಸ್ಟುಡಿಯೊದ ಮೆಟ್ಟಿಲು ಹತ್ತಬೇಕು. ಮದುವೆ ಮುಹೂರ್ತಗಳಿಲ್ಲದ ಮಾರ್ಗಳಿ ತಿಂಗಳಲ್ಲೂ ಇಲ್ಲಿನ ಛಾಯಾಗ್ರಾಹಕ ಹಸಿದುಕೊಂಡು ಕೂರದಂತೆ ಕಾಪಾಡಿದ್ದು ಈ ಪಂಪುಗಳೇ.

2000ದ ದಶಕದ ನಡುವಿನ ಮಾತು. ಹಾಗೆ ಬದುಕಿಕೊಂಡಿದ್ದ ಒಬ್ಬಾತ ಫಿಲ್ಮ್ ಕ್ಯಾಮೆರಾ ಬಿಟ್ಟು, 2004ರಲ್ಲಿ ಮಾರುಕಟ್ಟೆಗೆ ಬಂದಿದ್ದ ನಿಕಾನ್ ಡಿ70 ಅನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ. ನೇಕಾರ ದೇವಾಂಗರ ಮನೆಯ ಹುಡುಗ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಕೊಂಗು ತಮಿಳು. ಅಜ್ಜನದು ಕೈಮಗ್ಗ, ಅಪ್ಪನದು ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮ್ ವಿಭಾಗದಲ್ಲಿ ಪಾಳಿ ಕೆಲಸ. ಮೂರನೆಯ ತಲೆಮಾರಿಗೆ ನೂಲಿನ ನಂಟು ಕಡಿದುಹೋಯಿತು ಎಂದು ಆತ ತಿಳಿದಿದ್ದ.

ಒಂದು ದಿನ ಪಂಪ್ ಕಂಪನಿಯ ಮಾಲೀಕರೊಬ್ಬರು ಕ್ಯಾಟಲಾಗಿನ ಕರಡು ಹಾಳೆಯ ಮೇಲೆ ಬೆರಳಿಟ್ಟರು. "ಏನುಂಗ್ ತಂಬಿ, ಇಲ್ಲೊಂದು ಬ್ಲೋಹೋಲ್ ಇದೆಯಲ್ಲ?" ಎರಕ ಹೊಯ್ಯುವಾಗ ಕರಗಿದ ಕಬ್ಬಿಣದೊಳಗೆ ಗಾಳಿ ಸಿಕ್ಕಿಕೊಂಡರೆ ಆಗುವ ತೂತಿಗೆ ಫೌಂಡ್ರಿಯವರು ಹೇಳುವ ಹೆಸರು ಅದು. ಪಂಪಿನ ಮೈಮೇಲೆ ಬ್ಲೋಹೋಲ್ ಕಂಡರೆ ಕೊಳ್ಳುವವನು ಪುಟ ತಿರುಗಿಸುತ್ತಾನೆ. ಮಾಲೀಕರು ಕೆಳಗೆ ಗಾಡಿಯಲ್ಲಿದ್ದ ಪಂಪಿನ ಬಳಿ ಹೋಗಿ ಹೆಬ್ಬೆರಳಿನಿಂದ ಉಜ್ಜಿ ನೋಡಿದರು, ತೂತಿಲ್ಲ. ಮುಂದಿನ ಪುಟದ ಗ್ರೈಂಡರಿನ ಕಲ್ಲಿನ ಮೇಲೂ ಅದೇ ಜಾಗದಲ್ಲಿ ಅದೇ ಚುಕ್ಕೆ. ಅದರ ಮುಂದಿನ ಪುಟದಲ್ಲಿ ಬರೀ ಬಿಳಿ ಕಾಗದದ ಮೇಲೆ. ಯಂತ್ರ ಬದಲಾದರೂ ತೂತು ಜಾಗ ಬಿಡಲಿಲ್ಲ. ಮಾಲೀಕರು ತೀರ್ಪು ಕೊಟ್ಟರು: "ಉಂಗ ಕ್ಯಾಮೆರಾಲದಾನ್ ಓಟ್ಟೈ." ತೂತು ಇರುವುದು ನಿಮ್ಮ ಕ್ಯಾಮೆರಾದಲ್ಲೇ.

ಧೂಳಿನ ಲೆಕ್ಕದಲ್ಲಿ ಪೀಳಮೇಡು ಸ್ಥಿತಿವಂತ ಊರು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ ಇಳಿದು ಬಂದ ಮೇಲೆ ಕೊಯಮತ್ತೂರಿನ ಸುತ್ತ ಹತ್ತಿ ಗಿರಣಿಗಳು ಒಂದರ ಹಿಂದೊಂದು ಎದ್ದವು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಸ್ವದೇಶಿ ವಿದ್ಯುತ್ ಮೋಟಾರು ಮಾಡಿ ತೋರಿಸಿದರು; ಅದರ ಬೆನ್ನಿಗೆ ಪಂಪು, ಪಂಪಿನ ಬೆನ್ನಿಗೆ ಫೌಂಡ್ರಿ. 1926ರಲ್ಲಿ ಹುಟ್ಟಿದ ಪಿಎಸ್‌ಜಿ ಧರ್ಮಸಂಸ್ಥೆ 1951ರಲ್ಲಿ ಇಲ್ಲೇ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ದಕ್ಷಿಣದ ಗಿರಣಿಗಳ ಸಂಶೋಧನೆಗೆಂದು ಹುಟ್ಟಿದ ಸಿಟ್ರಾ ಸಂಸ್ಥೆ 1956ರಿಂದ ಇದೆ. ಇಷ್ಟೆಲ್ಲ ಆದ ಮೇಲೆ ಗಾಳಿ ಶುದ್ಧವಾಗಿರಲು ಹೇಗೆ ಸಾಧ್ಯ? ಗಿರಣಿಯಿಂದ ಪಂಜು, ಅಂದರೆ ಹತ್ತಿಯ ತುಪ್ಪುಳು. ಫೌಂಡ್ರಿಯಿಂದ ಮರಳಿನ ನಯ ಪುಡಿ. ಅವಿನಾಶಿ ರಸ್ತೆಯಿಂದ ಡೀಸೆಲ್ ಮಸಿ. ಮುಂಗಾರಿನ ಹೊತ್ತಿಗೆ ಪಾಲಕ್ಕಾಡು ಕಣಿವೆಯ ತೆರಪಿನಿಂದ ನುಗ್ಗುವ ಗಾಳಿ, ಕೇರಳಕ್ಕೆ ಕೊಟ್ಟಷ್ಟು ಮಳೆಯನ್ನು ಇಲ್ಲಿಗೆ ತರದಿದ್ದರೂ, ಈ ಮೂರನ್ನೂ ಕಲೆಸಿ ಮನೆಮನೆಗೆ ಹಂಚುತ್ತದೆ.

ಆ ಹಂಚಿಕೆಯಲ್ಲಿ ಒಂದು ಕಣ ಲೆನ್ಸ್ ಬದಲಿಸುವಾಗ ಡಿ70ರ ಬಾಯೊಳಗೆ ಇಳಿದಿತ್ತು. ಆದರೆ ಮದುವೆ ಫೋಟೊಗಳಲ್ಲಿ ಅದು ಯಾಕೆ ಕಂಡಿರಲಿಲ್ಲ? ಆತನನ್ನು ಕಾಡಿದ್ದು ಈ ಪ್ರಶ್ನೆಯೇ, ಮತ್ತು ಇಡೀ ವಿಷಯದ ಕೀಲಿ ಇರುವುದೂ ಇಲ್ಲೇ.

ಧೂಳು ಸೆನ್ಸರಿನ ಮೇಲೆ ಕೂರುವುದೇ ಇಲ್ಲ. ಸೆನ್ಸರಿನ ಮುಂದೆ ಗಾಜಿನ ಫಿಲ್ಟರುಗಳ ಒಂದು ಪದರ ಇರುತ್ತದೆ. ಧೂಳು ಕೂರುವುದು ಅದರ ಹೊರಮೈ ಮೇಲೆ, ಬೆಳಕನ್ನು ಹಿಡಿಯುವ ಪಿಕ್ಸೆಲ್ಲುಗಳಿಂದ ಒಂದೆರಡು ಮಿಲಿಮೀಟರ್ ದೂರದಲ್ಲಿ. ಚಿತ್ರದಲ್ಲಿ ಕಾಣುವುದು ಧೂಳಲ್ಲ, ಅದರ ನೆರಳು. ಮೋಡ ಕವಿದ ದಿನ ಅಂಗಳದ ಕಂಬಕ್ಕೆ ನೆರಳಿಲ್ಲ, ಬಿಸಿಲು ಬಿದ್ದರೆ ಗೆರೆ ಎಳೆದಂತೆ ನೆರಳು. ಇಲ್ಲೂ ಅದೇ ನ್ಯಾಯ. ಲೆನ್ಸಿನ ರಂಧ್ರ ಅಗಲವಾಗಿದ್ದರೆ ಬೆಳಕು ಎಲ್ಲ ದಿಕ್ಕಿನಿಂದಲೂ ಬಂದು ನೆರಳನ್ನು ತೊಳೆದುಹಾಕುತ್ತದೆ. ಕಿರಿದಾಗಿದ್ದರೆ ನೆರಳು ಮೊನಚಾಗುತ್ತದೆ.

ಲೆಕ್ಕ ಹಾಕಿದರೆ ಇನ್ನೂ ಸ್ವಾರಸ್ಯ. ಧೂಳು ಪಿಕ್ಸೆಲ್ಲಿನಿಂದ ಒಂದು ಮಿಲಿಮೀಟರ್ ದೂರದಲ್ಲಿದೆ ಎಂದುಕೊಳ್ಳೋಣ. ಮದುವೆ ಮಂಟಪದಲ್ಲಿ ಬಳಸುವ ಎಫ್/2.8ರ ಅಗಲ ರಂಧ್ರದಲ್ಲಿ ಒಂದು ಪಿಕ್ಸೆಲ್ಲಿಗೆ ಬರುವ ಬೆಳಕಿನ ಶಂಕು ಧೂಳಿನ ಮಟ್ಟದಲ್ಲಿ ಸುಮಾರು 357 ಮೈಕ್ರಾನ್ ಅಗಲ ಇರುತ್ತದೆ. 50 ಮೈಕ್ರಾನಿನ ಕಣವೊಂದು ಅದರಲ್ಲಿ ತಡೆಯುವುದು ನೂರಕ್ಕೆ ಎರಡು ಪಾಲು ಬೆಳಕನ್ನು. ವಧುವಿನ ರೇಷ್ಮೆ ಸೀರೆಯ ಜರಿ, ಹೂವು, ಜನಜಂಗುಳಿಯ ನಡುವೆ ಅಷ್ಟು ಮಬ್ಬನ್ನು ಯಾರು ಹುಡುಕುತ್ತಾರೆ? ಅದೇ ಎಫ್/22ರ ಕಿರಿದಾದ ರಂಧ್ರಕ್ಕೆ ಹೋದರೆ ಶಂಕು 45 ಮೈಕ್ರಾನಿಗೆ ಕುಗ್ಗುತ್ತದೆ. ಅದೇ ಕಣ ಈಗ ಬೆಳಕನ್ನು ಪೂರ್ತಿ ಮುಚ್ಚುತ್ತದೆ. ಪಂಪಿನ ಮುಂದು ಹಿಂದು ಎಲ್ಲ ಸ್ಪಷ್ಟ ಬೇಕೆಂದು ಆತ ಎಫ್/16, ಎಫ್/22ರಲ್ಲೇ ಕೆಲಸ ಮಾಡುತ್ತಿದ್ದ, ಅದೂ ಬಿಳಿ ಕಾಗದದ ಮೇಲೆ. ಧೂಳನ್ನು ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಯಾರೂ ಕಟ್ಟಲಾರರು. ಪಂಪಿನ ಮಾಲೀಕರೇ ಮೊದಲು ಕಂಡುಹಿಡಿದದ್ದು ಆಶ್ಚರ್ಯವೇನಲ್ಲ.

ಫಿಲ್ಮಿನ ಕಾಲದಲ್ಲೂ ಧೂಳು ಇತ್ತು, ಆದರೆ ಅದಕ್ಕೆ ಖಾಯಂ ವಿಳಾಸ ಇರಲಿಲ್ಲ. ಪ್ರತಿ ಚಿತ್ರಕ್ಕೂ ಹೊಸ ಫಿಲ್ಮ್ ತುಂಡು ಮುಂದೆ ಬರುತ್ತಿತ್ತು. ಹಳೆಯ ಕಣ ಹಳೆಯ ತುಂಡಿನ ಜತೆ ಸುರುಳಿಯೊಳಗೆ ಹೋಗುತ್ತಿತ್ತು. ಕಾಟವೆಲ್ಲ ಡಾರ್ಕ್‌ರೂಮಿನಲ್ಲಿ. ನೆಗೆಟಿವ್ ಮೇಲೆ ಧೂಳು ಕೂತರೆ ಪ್ರಿಂಟಿನ ಮೇಲೆ ಬಿಳಿ ಚುಕ್ಕೆ ಬೀಳುತ್ತಿತ್ತು. ಸ್ಟುಡಿಯೊದ ಹಿರಿಯರು ತೆಳು ಕುಂಚದ ತುದಿಗೆ ಬಣ್ಣ ತಾಗಿಸಿ, ಉಸಿರು ಬಿಗಿಹಿಡಿದು ಅದನ್ನು ಮುಚ್ಚುತ್ತಿದ್ದರು. ಡಿಜಿಟಲ್‌ನಲ್ಲಿ ಚುಕ್ಕೆ ಕಪ್ಪಾಯಿತು, ಮತ್ತು ಸಾವಿರ ಚಿತ್ರಗಳಲ್ಲಿ ಒಂದೇ ಜಾಗ ಹಿಡಿದು ಕೂತಿತು.

ವಿದ್ಯುತ್ ಇಳಿದು ಬಂದ ಅದೇ ನೀಲಗಿರಿ ಬೆಟ್ಟದ ಮೇಲೆ, ಉದಕಮಂಡಲದಲ್ಲಿ (ಊಟಿ), ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಇತ್ತು. 1960ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಕಂಪನಿ. 'ಇಂದು' ಎಂಬ ಹೆಸರಿನಲ್ಲಿ ಫಿಲ್ಮು, ಕಾಗದ, ಎಕ್ಸ್‌ರೇ ಹಾಳೆ ಮಾಡುತ್ತಿತ್ತು. ಫಿಲ್ಮಿಗೆ ಲೇಪ ಹಚ್ಚುವ ಕೆಲಸಕ್ಕೆ ತಂಪೂ ಬೇಕು, ಧೂಳಿಲ್ಲದ ಗಾಳಿಯೂ ಬೇಕು. ಊಟಿ ಎರಡನ್ನೂ ಪುಕ್ಕಟೆ ಕೊಡುತ್ತಿತ್ತು. ಅಲ್ಲಿ ಶುದ್ಧವಾಗಿ ಹುಟ್ಟಿದ ಫಿಲ್ಮು ಘಾಟಿ ಇಳಿದು ಬಂದು ಪಂಜಿನ ಊರಿನಲ್ಲಿ ತೊಳೆಸಿಕೊಳ್ಳುತ್ತಿತ್ತು ಎಂಬುದು ಬೇರೆ ಮಾತು. ಆ ಕಾರ್ಖಾನೆ ಈಗ ಮುಚ್ಚಿದೆ; ಇಂದುನಗರ ಎಂಬ ಹೆಸರು ಮಾತ್ರ ಊಟಿಯಲ್ಲಿ ಉಳಿದಿದೆ.

ಚುಕ್ಕೆಯ ಗುಟ್ಟು ತಿಳಿದ ಮೇಲೂ ಸೆನ್ಸರ್ ಮುಟ್ಟುವ ಧೈರ್ಯ ಬರಲಿಲ್ಲ. ಆ ದಿನಗಳಲ್ಲಿ ಅಂಗಡಿಯವರು, ಗೆಳೆಯರು, ಕ್ಯಾಮೆರಾದ ಕೈಪಿಡಿ, ಎಲ್ಲರದೂ ಒಂದೇ ರಾಗ: ಮುಟ್ಟಿದರೆ ಕ್ಯಾಮೆರಾ ಹೋಯಿತು. ಹಾಗಾಗಿ ಡಿ70 ಬಸ್ಸು ಹತ್ತಿ ದೊಡ್ಡ ಊರಿನ ಒಂದು ರಿಪೇರಿ ಅಂಗಡಿಗೆ ಹೋಯಿತು. "ಆಗುಂಗ್ಣಾ, ಒಂದು ವಾರ" ಎಂದವರು ಮೇಳ ಮುಗಿದ ಮೇಲೆ ಮರಳಿಸಿದರು. ಹಳೆಯ ಚುಕ್ಕೆ ಹೋಗಿತ್ತು. ಅದರ ಬದಲು ಮೂಲೆಯಲ್ಲಿ ಎಣ್ಣೆ ಸವರಿದಂಥ ಒಂದು ಪಟ್ಟೆ ಬಂದು ಸೇರಿತ್ತು. ಬಿಲ್ಲಿನಲ್ಲಿ 'ಸೆನ್ಸರ್ ಸರ್ವಿಸ್' ಎಂದಷ್ಟೇ ಇತ್ತು. ಏನು ಮಾಡಿದರು, ಯಾವುದರಿಂದ ಒರೆಸಿದರು, ಆಮೇಲೆ ಪರೀಕ್ಷಿಸಿದರೇ ಎಂಬುದಕ್ಕೆ ಉತ್ತರ ಇರಲಿಲ್ಲ. ಈ ಮುಚ್ಚುಮರೆಯೇ ಭಯವನ್ನು ಬೆಳೆಸಿತು ಎಂದು ಆತ ಇವತ್ತಿಗೂ ವಾದಿಸುತ್ತಾನೆ. ವಾದ ಸುಳ್ಳಲ್ಲ. ಗಾಜು ಒರೆಸುವ ಕೆಲಸಕ್ಕೆ ಶಸ್ತ್ರಚಿಕಿತ್ಸೆಯ ಗಾಂಭೀರ್ಯ ಬಂದದ್ದು ಹಾಗೆಯೇ.

ದಾರಿ ತೋರಿಸಿದ್ದು ಅಪ್ಪ. ಆತ ಕ್ಯಾಮೆರಾದ ಬಾಯಿ ತೆರೆದು, ಕನ್ನಡಕ ಒರೆಸುವ ಒಣ ಬಟ್ಟೆ ಕೈಯಲ್ಲಿ ಹಿಡಿದು ಕೂತಿದ್ದನ್ನು ಕಂಡು ಅವರು ತಡೆದರು. "ಒಣ ಬಟ್ಟೆಲಿ ಒರೆಸಬ್ಯಾಡಪ್ಪ. ಒರೆಸಿದಷ್ಟೂ ಪಂಜು ಬಂದು ಅಂಟ್ಕೊಳ್ಳುತ್ತೆ. ಮೊದಲು ಊದು. ಹೋಗದಿದ್ರೆ ತೇವ ಮಾಡಿ ತೆಗಿ."

ರಿಂಗ್ ಫ್ರೇಮಿನ ನಡುವೆ ಆಯುಷ್ಯ ಕಳೆದವರ ಮಾತು ಅದು. ನೂಲುವ ವಿಭಾಗದಲ್ಲಿ ಗಾಳಿಯ ತೇವ ಸಾಮಾನ್ಯವಾಗಿ ಶೇ 55ರಿಂದ 60ರ ಆಸುಪಾಸು ಇರುವಂತೆ ನೋಡಿಕೊಳ್ಳುತ್ತಾರೆ. ಒಣಗಿದರೆ ಎಳೆಗಳ ನಡುವೆ ಸ್ಥಿರ ವಿದ್ಯುತ್ ಹುಟ್ಟಿ ತುಪ್ಪುಳು ಎಲ್ಲೆಂದರಲ್ಲಿ ಅಂಟುತ್ತದೆ, ನೂಲು ಕಡಿಯುತ್ತದೆ. ಅದಕ್ಕೆಂದೇ ಗಿರಣಿಗೊಂದು ಹ್ಯುಮಿಡಿಫಿಕೇಶನ್ ಪ್ಲಾಂಟ್. ಫ್ರೇಮುಗಳ ಮೇಲೆ ಹಳಿ ಹಿಡಿದು ಓಡಾಡುವ ಓವರ್‌ಹೆಡ್ ಕ್ಲೀನರ್ ಯಂತ್ರದ ಮೈಯನ್ನು ಊದುತ್ತ, ನೆಲಕ್ಕಿಳಿಬಿಟ್ಟ ಕೊಳವೆಯಿಂದ ಬಿದ್ದ ಪಂಜನ್ನು ಹೀರುತ್ತ ಹೋಗುತ್ತದೆ. ಉಜ್ಜುವುದು ಕೊನೆಯ ಉಪಾಯ. ಪಂಜು ಒಳಹೊಕ್ಕರೆ ಏನಾಗುತ್ತದೆಂದು ಅಪ್ಪನಿಗೆ ಯಂತ್ರದಿಂದಲ್ಲ, ತಮ್ಮ ಜತೆಯವರಿಂದ ಗೊತ್ತಿತ್ತು: ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ದಿನವೇ ಎದೆ ಬಿಗಿಯುವ ಬಿಸಿನೋಸಿಸ್ ಗಿರಣಿ ಕಾರ್ಮಿಕರ ಹಳೆಯ ಕಾಯಿಲೆ. ನೂಲಿನ ನಂಟು ಕಡಿದಿದೆ ಎಂದುಕೊಂಡಿದ್ದ ಮಗ ಅದೇ ಪಂಜನ್ನು ಇನ್ನೊಂದು ಯಂತ್ರದೊಳಗಿಂದ ತೆಗೆಯುವ ವಿದ್ಯೆಯನ್ನು ಅಪ್ಪನಿಂದ ಕಲಿತ.

ಮನೆಯಲ್ಲಿ ಧೂಳು ಕಡಿಮೆ ಇರುವ ಜಾಗ ಬಚ್ಚಲು. ಬಿಸಿನೀರು ಹುಯ್ದುಕೊಂಡ ಸ್ವಲ್ಪ ಹೊತ್ತಿನ ಮೇಲೆ, ಹಬೆ ಗಾಳಿಯಲ್ಲಿದ್ದುದನ್ನೆಲ್ಲ ನೆಲಕ್ಕಿಳಿಸಿ ಆರಿದ ಮೇಲೆ, ಆತ ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಫ್ಯಾನ್ ಬಂದ್. ಬ್ಯಾಟರಿ ಪೂರ್ತಿ ಚಾರ್ಜ್. ನಡುವೆ ಚಾರ್ಜ್ ಮುಗಿದರೆ, ಸೆನ್ಸರಿನ ಮುಂದಿನಿಂದ ಎತ್ತಿ ನಿಲ್ಲಿಸಿದ ಕನ್ನಡಿ ಕೆಳಗೆ ಬೀಳುತ್ತದೆ, ಶಟರ್ ಮುಚ್ಚುತ್ತದೆ, ಒಳಗೆ ತುದಿಗೆ ಬಟ್ಟೆ ಸುತ್ತಿದ ಒರೆಸುವ ಕಡ್ಡಿ ಇದ್ದರೆ ಶಟರಿನ ತೆಳು ಪರದೆಗಳ ಕಥೆ ಅಷ್ಟೆ. ಕ್ಯಾಮೆರಾದ ಬಾಯನ್ನು ನೆಲದ ಕಡೆ ಮಾಡಿ ರಬ್ಬರಿನ ಬ್ಲೋವರಿನಿಂದ ಊದಿದರೆ ಬಹುಪಾಲು ಕಣಗಳು ತಾವಾಗಿ ಉದುರುತ್ತಿದ್ದವು. ಬಾಯಿಂದ ಊದಿದರೆ ಎಂಜಲು. ಡಬ್ಬಿಯಲ್ಲಿ ಬರುವ ಗಾಳಿಯಾದರೆ ಅದರೊಳಗಿನ ದ್ರವ ಹನಿಯಾಗಿ ಗಾಜಿನ ಮೇಲೆ ಹೆಪ್ಪುಗಟ್ಟುವ ಅಪಾಯ. ಕಂಪ್ರೆಸರ್ ತಯಾರಿಕೆಗೂ ಹೆಸರಾದ ಊರು ಇದು. ಪಕ್ಕದ ಲೇತ್ ಶಾಪಿನ ಪೈಪು ತಂದು ಒಂದು ಸಲ ಊದಿಸಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದರು. ಆ ಗಾಳಿಯಲ್ಲಿ ಎಣ್ಣೆಯೂ ಇರುತ್ತದೆ, ನೀರೂ ಇರುತ್ತದೆ.

ಯಾವ ಮೂಲೆಯಲ್ಲಿ ಹುಡುಕಬೇಕು ಎಂಬುದು ಇನ್ನೊಂದು ತಮಾಷೆ. ಲೆನ್ಸು ಚಿತ್ರವನ್ನು ತಲೆಕೆಳಗಾಗಿ ಬೀಳಿಸುತ್ತದೆ. ಹಾಗಾಗಿ ಚಿತ್ರದಲ್ಲಿ ಆಕಾಶದ ಮೇಲಂಚಿನಲ್ಲಿ ಕಂಡ ಚುಕ್ಕೆಯ ಧೂಳು, ಕ್ಯಾಮೆರಾವನ್ನು ನಮ್ಮ ಮುಖದ ಕಡೆ ತಿರುಗಿಸಿ ನೋಡಿದರೆ, ಕೆಳಗಿನ ಅಂಚಿನಲ್ಲಿರುತ್ತದೆ. ಎಡ ಬಲ ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ನಾವೂ ಎದುರು ನಿಂತು ನೋಡುತ್ತಿದ್ದೇವೆ. ಇದು ಗೊತ್ತಿಲ್ಲದವರು ಇಲ್ಲದ ಧೂಳನ್ನು ಮೇಲೆ ಹುಡುಕಿ ಉಜ್ಜುತ್ತಾರೆ.

ಊದಿದರೂ ಹೋಗದೆ ಉಳಿದದ್ದು ಸಾಮಾನ್ಯವಾಗಿ ಎರಡು ಬಗೆ. ಒಂದು ಹತ್ತಿಯ ಎಳೆ, 12ರಿಂದ 20 ಮೈಕ್ರಾನ್ ದಪ್ಪದ್ದು, ಚಿತ್ರದಲ್ಲಿ ಬಾಗಿದ ಹುಳುವಿನ ಹಾಗೆ ಕಾಣುವುದು. ಅದು ಪಾಪದ ಪ್ರಾಣಿ, ಹಾನಿ ಮಾಡುವುದಿಲ್ಲ. ಇನ್ನೊಂದು ಫೌಂಡ್ರಿ ಮರಳಿನ ಪುಡಿ. ಅದಕ್ಕೆ ಮಾತ್ರ ಹೆದರಬೇಕು. ಮರಳೆಂದರೆ ಕ್ವಾರ್ಟ್ಜ್, ಗಾಜಿಗಿಂತ ಗಡಸು. ಊದದೆ ನೇರವಾಗಿ ಒರೆಸಿದರೆ ಕಡ್ಡಿಯ ಬಟ್ಟೆಯಡಿ ಸಿಕ್ಕ ಒಂದೇ ಕಣ ಫಿಲ್ಟರಿನ ಲೇಪದ ಮೇಲೆ ಗೀರು ಎಳೆಯಬಲ್ಲದು. ಸೆನ್ಸರಿಗೆ ಗೀರು ಬಿತ್ತು ಎಂದು ಅಳುವವರಲ್ಲಿ ಹಲವರ ಕೇಸು ಇದೇ: ದ್ರವದ ತಪ್ಪಲ್ಲ, ಕಡ್ಡಿಯ ತಪ್ಪಲ್ಲ, ಆತುರದ್ದು.

ಒದ್ದೆ ಕೆಲಸಕ್ಕೆ ಸೆನ್ಸರಿನ ಎತ್ತರಕ್ಕೆ ಸರಿಯಾದ ಅಗಲದ ಕಡ್ಡಿ ಬೇಕು. ಡಿ70ರಂಥ ಸಣ್ಣ ಸೆನ್ಸರಿಗೆ 16 ಮಿಲಿಮೀಟರಿನದು, 36×24ರ ಫುಲ್ ಫ್ರೇಮಿಗೆ 24ರದು. ತುದಿಗೆ ಎರಡು ಮೂರು ಹನಿ ದ್ರವ, ಅದು ಬಟ್ಟೆಯಲ್ಲಿ ಹರಡಲು ಕೆಲವು ಸೆಕೆಂಡು ಬಿಡುವು, ಆಮೇಲೆ ಈ ಅಂಚಿನಿಂದ ಆ ಅಂಚಿಗೆ ಒಂದೇ ಎಳೆತ. ಮಗುಚಿ ಇನ್ನೊಂದು ಮೈಯಿಂದ ವಾಪಸ್ ಇನ್ನೊಂದೇ ಎಳೆತ. ಕಡ್ಡಿ ಕಸದ ಬುಟ್ಟಿಗೆ. ದುಬಾರಿ ಕಡ್ಡಿ, ಇನ್ನೊಂದು ಸಲ ಆಗುತ್ತದೆ ಎಂದು ಎತ್ತಿಡುವ ನಮ್ಮ ಮಧ್ಯಮ ವರ್ಗದ ಬುದ್ಧಿ ಇಲ್ಲಿ ಕೆಲಸಕ್ಕೆ ಬಾರದು.

ದ್ರವದ ವಿಷಯ ತಮಿಳುನಾಡಿನಲ್ಲಿ ಸ್ವಲ್ಪ ನಾಜೂಕು. ಆ ಕಾಲದ ಹೆಸರಾಂತ ಸೆನ್ಸರ್ ದ್ರವಗಳು ಅಪ್ಪಟ ಮೆಥನಾಲ್; ಗುರುತು ಉಳಿಸದೆ ಕ್ಷಣದಲ್ಲಿ ಆರುತ್ತದೆ. ಅದೇ ಮೆಥನಾಲ್ ಕಳ್ಳಭಟ್ಟಿಗೆ ಸೇರಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. 2024ರ ಜೂನಿನಲ್ಲಿ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಇದರಿಂದಲೇ. ರಾಜ್ಯದಲ್ಲಿ ಅದನ್ನು ಇಟ್ಟುಕೊಳ್ಳಲು, ಮಾರಲು ಪರವಾನಗಿ ಬೇಕು. ರಾಸಾಯನಿಕದ ಅಂಗಡಿಗೆ ಹೋಗಿ 'ಕ್ಯಾಮೆರಾ ತೊಳೆಯಲು ಮೆಥನಾಲ್ ಕೊಡಿ' ಎಂದು ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ, ನೋಡಬೇಕಾದ್ದೇ. ಸೆನ್ಸರಿಗೆಂದೇ ಸಿದ್ಧವಾಗಿ ಬರುವ ಪುಟ್ಟ ಶೀಶೆಯೇ ಇದಕ್ಕೆ ನೇರ ದಾರಿ.

ಇಷ್ಟೆಲ್ಲ ಕಲಿತವನಿಗೆ ಧೂಳಿನ ಅತಿ ಕಠಿಣ ಪರೀಕ್ಷೆ ನಡೆಯುತ್ತಿದ್ದದ್ದು ವಿಜಯದಶಮಿಯ ದಿನ. ಕೊಯಮತ್ತೂರಿನ ದೇವಾಂಗರ ರಾಮಲಿಂಗ ಚೌಡೇಶ್ವರಿ ಅಮ್ಮನ ಮೆರವಣಿಗೆಯಲ್ಲಿ ಹುಡುಗರು, ಗಂಡಸರು "ವೇಸುಕೋ, ತೀಸುಕೋ" ಎಂದು ಕೂಗುತ್ತ ಕತ್ತಿಯಿಂದ ಎದೆ, ತೋಳಿಗೆ ಹೊಡೆದುಕೊಳ್ಳುತ್ತ ನಡೆಯುತ್ತಾರೆ. ಗಾಯದ ಮೇಲೆ ಹಳದಿ ಪುಡಿ ಎರಚುತ್ತಾರೆ. ಬಿಸಿಲು, ಬೆವರು, ರಕ್ತ, ಅರಿಶಿನದ ಮೋಡ. ಫೋಟೊ ತೆಗೆಯುವವನಿಗೆ ದೂರದ ಲೆನ್ಸೂ ಬೇಕು, ಅಗಲದ ಲೆನ್ಸೂ ಬೇಕು, ಬದಲಿಸಲು ಎಲ್ಲೂ ಮರೆಯಿಲ್ಲ. ಸಂಜೆ ಕಂಪ್ಯೂಟರಿನಲ್ಲಿ ನೋಡಿದರೆ ಆಕಾಶದ ತುಂಬ ಚುಕ್ಕೆ. ಹಳದಿ ಪುಡಿಯ ಚುಕ್ಕೆ ಹಳದಿ ಇರುವುದಿಲ್ಲ ಎಂಬುದನ್ನು ಆತ ಆವಾಗ ಗಮನಿಸಿದ್ದು. ಎಲ್ಲ ಬೂದು, ಎಲ್ಲ ಮಬ್ಬು, ನೆರಳಿಗೆಲ್ಲಿಯ ಬಣ್ಣ? ಒಂದೆರಡು ವರ್ಷದಲ್ಲೇ ಆತ ಎರಡು ಬಾಡಿಗಳಿಗೆ ಎರಡು ಲೆನ್ಸು ಹಾಕಿ ಕೊರಳಿಗೆ ನೇತುಹಾಕಿಕೊಂಡು ಹೋಗತೊಡಗಿದ. ಈ ಉಪಾಯಕ್ಕಿಂತ ಒಳ್ಳೆಯ ಧೂಳು ನಿವಾರಕವನ್ನು ಯಾವ ಕಂಪನಿಯೂ ಕಂಡುಹಿಡಿದಿಲ್ಲ.

ಕಂಪನಿಗಳು ಸುಮ್ಮನಿರಲಿಲ್ಲ. 2003ರಲ್ಲೇ ಒಲಿಂಪಸ್ ತನ್ನ ಇ-1 ಕ್ಯಾಮೆರಾದಲ್ಲಿ ಸೆನ್ಸರಿನ ಮುಂದೆ ಒಂದು ತೆಳು ಗಾಜಿಟ್ಟು, ಅದನ್ನು ಕಿವಿಗೆ ಕೇಳದ ವೇಗದಲ್ಲಿ ನಡುಗಿಸಿ ಧೂಳು ಕೊಡವುವ ವ್ಯವಸ್ಥೆ ತಂದಿತು. 2006ರಲ್ಲಿ ಕ್ಯಾನನ್ 400ಡಿ, 2007ರಲ್ಲಿ ನಿಕಾನ್ ಡಿ300 ಅದೇ ದಾರಿ ಹಿಡಿದವು. ಉದುರಿದ ಕಣ ಕೆಳಗಿನ ಅಂಟುಪಟ್ಟಿಗೆ ಬೀಳಬೇಕಾದ್ದರಿಂದ ಕ್ಯಾಮೆರಾವನ್ನು ಮೇಜಿನ ಮೇಲೆ ನೆಟ್ಟಗೆ ಕೂರಿಸಿ ಈ ನಡುಗುವಿಕೆಯನ್ನು ಚಾಲೂ ಮಾಡಬೇಕು. ಅನೇಕರು ಮಲಗಿಸಿ ಮಾಡಿ, ಉಪಯೋಗವಿಲ್ಲ ಎಂದು ದೂರುತ್ತಾರೆ. ಒಣ ಕಣಕ್ಕೆ ಇದು ಸಾಕು, ಎಣ್ಣೆಯ ಹನಿಗೆ ಸಾಲದು. 2012ರ ನಿಕಾನ್ ಡಿ600ರಲ್ಲಿ ಶಟರಿನ ಭಾಗದಿಂದಲೇ ಚುಕ್ಕೆಗಳು ಬೀಳುತ್ತಿವೆ ಎಂಬ ದೂರು ಜಗತ್ತಿನಾದ್ಯಂತ ಎದ್ದಿತು; 2014ರ ಫೆಬ್ರುವರಿಯಲ್ಲಿ ಕಂಪನಿ ವಾರಂಟಿ ಮುಗಿದಿದ್ದರೂ ಶಟರ್ ಬದಲಿಸಿಕೊಡುವುದಾಗಿ ಪ್ರಕಟಿಸಿತು. ತಮ್ಮ ಕೈಯ ಕೊಳೆಯೇ ಇರಬೇಕೆಂದು ಒರೆಸುತ್ತಲೇ ಇದ್ದವರಿಗೆ ದೊಡ್ಡ ಸಮಾಧಾನ.

ಈಗ ಮಿರರ್‌ಲೆಸ್ ಕಾಲ. ಕನ್ನಡಿಯೂ ಇಲ್ಲ, ಮುಚ್ಚಿದ ಶಟರೂ ಇಲ್ಲ; ಲೆನ್ಸ್ ಬಿಚ್ಚಿದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಸೆನ್ಸರ್ ನೇರ ಬೀದಿಗೆ ಮುಖ ಮಾಡಿ ನಿಂತಿರುತ್ತದೆ. 2018ರ ಕ್ಯಾನನ್ ಇಒಎಸ್ ಆರ್, ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಜಾಣತನ ತೋರಿಸಿತು. ಆದರೆ ಮುಚ್ಚಿದ ಶಟರಿನ ಮೇಲೆ ಬ್ಲೋವರ್ ಒತ್ತಿದರೆ ಹೊಸ ಖರ್ಚು. ಕೈನಡುಕ ತಡೆಯಲು ಸೆನ್ಸರನ್ನೇ ತೇಲಿಬಿಟ್ಟ ಕ್ಯಾಮೆರಾಗಳಲ್ಲಿ ಕಡ್ಡಿಯನ್ನು ಹಗುರವಾಗಿ ಎಳೆಯಬೇಕು, ಒತ್ತಬಾರದು.

ಅವಿನಾಶಿ ರಸ್ತೆಯ ಮೇಲೆ ಸುಮಾರು 10 ಕಿಲೋಮೀಟರಿನ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳಲ್ಲಿ ಪೀಳಮೇಡಿನ ಧೂಳಿಗೆ ಸಿಮೆಂಟೂ ಸೇರಿತು. ಆತನ ಬಚ್ಚಲಿಗೆ ಊರಿನ ಇತರ ಛಾಯಾಗ್ರಾಹಕರ ಕ್ಯಾಮೆರಾಗಳೂ ಬರತೊಡಗಿದ್ದು ಆವಾಗ. 2025ರ ಅಕ್ಟೋಬರಿನಲ್ಲಿ ಸೇತುವೆ ಜಿ.ಡಿ. ನಾಯ್ಡು ಹೆಸರು ಹೊತ್ತು ತೆರೆಯಿತು. ಹೆಸರು ಸರಿಯಾಗಿಯೇ ಇದೆ. ನಾಯ್ಡು ಮೋಟಾರಿನ ಜತೆಗೆ ಕ್ಯಾಮೆರಾದ ಹುಚ್ಚೂ ಇದ್ದ ಮನುಷ್ಯ. ಐದನೇ ಜಾರ್ಜ್ ದೊರೆಯ ಶವಯಾತ್ರೆಯನ್ನು ಲಂಡನ್ನಿನಲ್ಲಿ ನಿಂತು ಸ್ವತಃ ಚಿತ್ರೀಕರಿಸಿದ್ದರು, ಫಿಲ್ಮ್ ಕ್ಯಾಮೆರಾಗೆ ದೂರ ಹೊಂದಿಸುವ ಸಾಧನವೊಂದನ್ನೂ ರೂಪಿಸಿದ್ದರು.

ಕ್ಯಾಮೆರಾ ತಂದವರಿಗೆ ಆತ ಮೊದಲು ಮಾಡಿಸುವ ಕೆಲಸ ಒಂದೇ, ಅದನ್ನು ಓದುಗರೂ ಮನೆಯಲ್ಲೇ ಮಾಡಬಹುದು. ಐಎಸ್‌ಓ 100, ಎಫ್/22, ಫೋಕಸ್ ಕೈಯಿಂದ ತಪ್ಪಿಸಿ, ಬಿಳಿ ಗೋಡೆಯ ಮುಂದೆ ಕ್ಯಾಮೆರಾವನ್ನು ಸ್ವಲ್ಪ ಅಲುಗಿಸುತ್ತಲೇ ಒಂದು ಫೋಟೊ. ಗೋಡೆಯ ಕಲೆಗಳೆಲ್ಲ ಅಳಿಸಿಹೋಗುತ್ತವೆ, ಸೆನ್ಸರಿನ ಧೂಳು ಮಾತ್ರ ಉಳಿಯುತ್ತದೆ. ನೀವು ತೆಗೆಯುವ ಚಿತ್ರಗಳು ಎಫ್/8 ದಾಟುವುದಿಲ್ಲವಾದರೆ, ಎರಡು ಮಬ್ಬು ಚುಕ್ಕೆಗಾಗಿ ಯಾರ ಕೈಗೂ ಕ್ಯಾಮೆರಾ ಕೊಡಬೇಡಿ. ಕೊಡಲೇಬೇಕಾದರೆ ಈ ಫೋಟೊವನ್ನು ಜತೆಗೆ ಒಯ್ಯಿರಿ. ಕೆಲಸ ಮುಗಿದ ಮೇಲೆ ಅದೇ ಅಳತೆಯಲ್ಲಿ ಇನ್ನೊಂದನ್ನು ನಿಮ್ಮೆದುರೇ ತೆಗೆದು ತೋರಿಸುವಂತೆ ಕೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ದುಡ್ಡು ಕೊಡಿ.